ಅಂಗಡಿಯ ಸ್ಪೀಕರಿನಲ್ಲಿ ಕೇಳಿದ ಸುಳ್ಳು

ಕೊಳ್ಳುವ ಯಂತ್ರದ ಬೆನ್ನು ತಿರುಗಿಸಿ, ಅಲ್ಲಿ ಅಚ್ಚಾದ ಚಿಕ್ಕ ಅಕ್ಷರಗಳನ್ನು ನೀವು ಎಂದಾದರೂ ಓದಿದ್ದೀರಾ?

ಇಲ್ಲ! ಮುಂಭಾಗದ ಹೊಳಪಿಗೆ ಸೋತು ಮನೆಗೆ ಹೊತ್ತು ತರುತ್ತೀರಿ. ಅವಳೂ ಹಾಗೆಯೇ ಸೋತಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಇತರರಿಂದ ಚಿಕ್ಕ ಅಕ್ಷರಗಳನ್ನು ಓದಿಸಿ ಕಣ್ಣು ಪರೀಕ್ಷಿಸುವವಳು!

ಮನೆಯಲ್ಲಿ ಅಪ್ಪ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಬಡಗಿಯಾಗಿದ್ದ ಅವರು ತಮ್ಮ ಕೈಯಾರೆ ಮಾಡಿದ ಎರಡು ಸ್ಪೀಕರ್‌ಗಳೇ ಅವರಿಗೆ ಸಂಗಾತಿ. ಅವುಗಳಿಗೆ ದನಿ ತುಂಬುತ್ತಿದ್ದ ಹಳೆಯ ಆಂಪ್ಲಿಫೈಯರ್ ಕೆಟ್ಟ ದಿನದಿಂದ ಅವರು ಊಟವನ್ನೂ ಅರ್ಧಕ್ಕೇ ಬಿಡುತ್ತಿದ್ದರು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಹೊಸದೊಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಹುಡುಕುತ್ತ ಅವಳು ಆಡಿಯೋ ಅಂಗಡಿಯೊಂದಕ್ಕೆ ಬಂದಳು.

“ಮನೇಲಿರೋ ಸ್ಪೀಕರ್ ಯಾವ್ದು ಮೇಡಂ?” ಅಂಗಡಿಯ ಮೆಕ್ಯಾನಿಕ್ ಕೇಳಿದ.

“ಅಪ್ಪ ಮಾಡಿದ್ದು. ಹಿಂದುಗಡೆ ನಾಲ್ಕು ಓಮ್ ಅಂತ ಬರೆದಿದ್ದಾರೆ.”

ಅವಳು ಬೆರಳು ತೋರಿದ ಹೊಳೆಯುವ ಯಂತ್ರವನ್ನು ನೋಡಿ ಅವನ ಮುಖ ಕಪ್ಪಿಟ್ಟಿತು. “ಹಾಗಾದ್ರೆ ಇದು...”

ಅಂಗಡಿಯ ಯಜಮಾನ ಕೆಮ್ಮಿದ. “ಮೇಡಂಗೆ ಇನ್ನೂರು ವಾಟ್‌ದು ಹಾಕಿ ಕೇಳ್ಸಪ್ಪ. ನಿಂತ್ಕೊಂಡು ಪಾಠ ಮಾಡ್ಬೇಡ!”

ಮೆಕ್ಯಾನಿಕ್ ತಲೆ ತಗ್ಗಿಸಿದ. ಅಂಗಡಿಯ ಸ್ಪೀಕರ್‌ಗಳಿಗೇ ತಂತಿ ಜೋಡಿಸಿದ.

ಎಂಥ ನಾದ! ಅವಳು ಕಣ್ಣು ಮುಚ್ಚಿ ನಿಂತಳು. ತೆರೆದಾಗ ಅವನು ಅವಳನ್ನೇ ನೋಡುತ್ತಿದ್ದ. ‘ಈ ಕಣ್ಣುಗಳಲ್ಲಿ ಇಷ್ಟೊಂದು ಸಂಕಟ ಯಾಕೆ...?’

“ಚೆನ್ನಾಗಿದೆ ಅಲ್ವಾ?” ಅವಳು ಕೇಳಿದಳು.

“ಇಲ್ಲಿ... ಚೆನ್ನಾಗಿದೆ.”

ಮಾತಿನ ಅರ್ಥ ಅವಳನ್ನು ಮುಟ್ಟಲಿಲ್ಲ. ಅವನ ದನಿ ಮಾತ್ರ ಅವಳೊಡನೆ ಮನೆಯವರೆಗೂ ಬಂತು.

ಅಪ್ಪನ ಮಂಚದ ಪಕ್ಕದ ಗಾಜಿನ ಬಾಗಿಲಿನ ಬೀರುವಿನಲ್ಲಿ ಹೊಸ ಯಂತ್ರ ಕುಳಿತಿತು. ಮೂರನೆಯ ದಿನ ಅಪ್ಪ ಮೂಗು ಅರಳಿಸಿದರು.

“ಏನೋ ವಾಸನೆ ಬರ್ತಿದೆ ಪುಟ್ಟಿ.”

“ಹೊಸದಲ್ವಾ ಅಪ್ಪ, ಹಾಗೇ ಇರುತ್ತೆ.”

ಬೀರುವಿನ ಗಾಜು ಜ್ವರ ಬಂದ ಹಣೆಯಂತೆ ಕಾದಿತ್ತು. ಅವಳು ಮುಟ್ಟಿ ನೋಡಲಿಲ್ಲ.

ಅಂದೇ ಸಂಜೆ ಫೋನ್ ಬಂತು. “ಮೇಡಂ, ಅಂಗಡಿ ಮೆಕ್ಯಾನಿಕ್ ನಾನು. ನಿಮ್ಮ ಮನೆಗೆ ಒಂದ್ಸಲ ಬರ್ಬೋದಾ?”

ಅವಳ ಎದೆ ಝಲ್ಲೆಂದಿತು. ಮರುಕ್ಷಣವೇ ಸಿಟ್ಟು! “ಬಿಲ್‌ನಲ್ಲಿರೋ ನಂಬರ್ ಕದ್ದು ಹೆಣ್ಮಕ್ಕಳಿಗೆ ಫೋನ್ ಮಾಡ್ತೀರಾ? ನಾಚಿಕೆ ಆಗಲ್ವಾ?”

ಕರೆ ಕತ್ತರಿಸಿದಳು. ‘ಇವನೂ ಅಷ್ಟೇನಾ...’ ಕಣ್ಣು ತುಂಬಿತು.

ಮರುದಿನ ಅಪ್ಪನಿಗೆ ಹಾಡು ಹಾಕಿ ಕೆಲಸಕ್ಕೆ ಹೋದವಳು ಮಧ್ಯಾಹ್ನ ಹಿಂದಿರುಗಿದಾಗ, ಅವನು ಬಾಗಿಲು ಬಡಿಯುತ್ತಿದ್ದ.

“ಬಿಲ್‌ನಲ್ಲಿರೋ ವಿಳಾಸ ಹಿಡ್ಕೊಂಡು ಮನೆ ತನಕ ಬಂದ್ರಾ!”

“ಬೈಯೋದು ಆಮೇಲೆ! ಬೀಗ ತೆಗೀರಿ!”

ಒಳಗೆ ಅಪ್ಪ ಕೆಮ್ಮುತ್ತಿದ್ದರು. ಹಾಡು ಒಡೆದು ಕರ್ಕಶವಾಗಿ ಅರಚುತ್ತಿತ್ತು. ಬಾಗಿಲ ಕೆಳಗಿನಿಂದ ಬೂದುಬಣ್ಣದ ಹೊಗೆ...

ಬಾಗಿಲು ತೆರೆದೊಡನೆ ಅವನು ಒಳನುಗ್ಗಿ ಸ್ವಿಚ್ ಆರಿಸಿ ಪ್ಲಗ್ ಕಿತ್ತ. ಇಬ್ಬರೂ ಸೇರಿ ಮಂಚವನ್ನು ಹೊರಕೋಣೆಗೆ ಎಳೆದರು.

“ಸ್ಪೀಕರ್...?” ಉಸಿರು ಮರಳಿದೊಡನೆ ಅಪ್ಪನ ಮೊದಲ ಮಾತು ಅದು.

“ಏನೂ ಆಗಿಲ್ಲ ಅನ್ಸುತ್ತೆ ಸರ್.”

“ಆಗಲ್ಲ ಕಣಯ್ಯಾ. ನನ್ನ ಸೊಂಟದ ಹಾಗಲ್ಲ, ಗಟ್ಟಿಯಾಗಿ ಮಾಡಿದ್ದೆ!”

ಸುಟ್ಟ ಯಂತ್ರದ ಬೆನ್ನನ್ನು ಅವನು ಅವಳತ್ತ ತಿರುಗಿಸಿದ.

“ಎಂಟು ಓಮ್‌ಗಿಂತ ಕಡಿಮೆ ಸ್ಪೀಕರ್ ಜೋಡಿಸಬಾರದು ಅಂತ ಇಲ್ಲೇ ಬರೆದಿದೆ. ಓಮ್ ಕಡಿಮೆ ಆದಷ್ಟೂ ಸ್ಪೀಕರ್ ಜಾಸ್ತಿ ಕರೆಂಟ್ ಎಳೆಯುತ್ತೆ. ಅಂಗಡಿ ಸ್ಪೀಕರ್ ಎಂಟು ಓಮ್‌ದು, ಅದಕ್ಕೇ ಅಲ್ಲಿ ಚೆನ್ನಾಗಿ ಹಾಡ್ತು.”

“ನಿಮಗೆ... ಗೊತ್ತಿತ್ತಾ?”

“ಗೊತ್ತಿತ್ತು. ಕೆಲಸ ಹೋಗುತ್ತೆ ಅಂತ ಹೆದರಿದೆ. ಇವತ್ತು ಯಜಮಾನ್ರ ಮುಖಕ್ಕೇ ಹೇಳಿ ಬಂದೆ. ಕೆಲಸ ಹೋಯ್ತು.”

“ನಮ್ಮಪ್ಪನ ಜೀವ ಹೋಗ್ತಿತ್ತು!”

ಮರುಮಾತಿನ ಹಕ್ಕು ಅವನಿಗಿರಲಿಲ್ಲ. ಒಬ್ಬ ಒಳ್ಳೆಯವನ ನಾಲ್ಕು ದಿನಗಳ ಮೌನ ಒಬ್ಬ ಕೆಟ್ಟವನ ಸುಳ್ಳಿಗಿಂತ ಹಗುರವೆಂದು ನಾನು ಒಪ್ಪಲಾರೆ.

ಆದರೆ ಅವನು ಓಡಿಹೋಗಲಿಲ್ಲ. ಪರಿಚಯದವರಿಂದ ಒಂದೊಂದೇ ಆಂಪ್ಲಿಫೈಯರ್ ಎರವಲು ತಂದು ಅಪ್ಪನ ಸ್ಪೀಕರ್‌ಗಳಿಗೇ ಜೋಡಿಸಿದ. ಮೊದಲನೆಯದು ಅರ್ಧ ಗಂಟೆಗೇ ಕಾದಿತು. ಎರಡನೆಯದರಲ್ಲಿ ಮಂದ್ರಸ್ವರವೇ ಸೊರಗಿತು. ಮೂರನೆಯದನ್ನು ಎತ್ತಲು ಇಬ್ಬರು ಬೇಕಾಯಿತು.

“ಅರವತ್ತೇ ವಾಟಾ?” ಅದರ ಬೆನ್ನಿನ ಅಕ್ಷರ ಓದುತ್ತ ಅವಳು ಕೇಳಿದಳು.

“ಅದು ಎಂಟು ಓಮ್‌ಗೆ. ಮುಂದೆ ಓದಿ.”

“ನಾಲ್ಕು ಓಮ್‌ಗೆ... ನೂರು ವಾಟ್!”

ಗಾಳಿಯಾಡುವಂತೆ ತೆರೆದ ಹಲಗೆಯ ಮೇಲಿಟ್ಟು, ಎರಡು ಗಂಟೆ ಹಾಡಿಸಿದರು. ಯಂತ್ರ ಬೆಚ್ಚಗಷ್ಟೇ ಆಯಿತು. ಅಪ್ಪ ಹಾಡು ಕೇಳುತ್ತಲೇ ತಟ್ಟೆ ಖಾಲಿ ಮಾಡಿದರು. ಅವಳು ಮಾತ್ರ ಇನ್ನೂ ಗಾಳಿಯನ್ನು ಮೂಸುತ್ತಿದ್ದಳು.

“ಸುಟ್ಟ ವಾಸನೆ ಬಂದ ಹಾಗೇ ಆಗುತ್ತೆ ನನಗೆ... ನಿಮ್ಮ ಮೇಲಿನ ಕೋಪಾನೂ ಹೋಗಿಲ್ಲ.”

“ಹೋಗೋದು ಬೇಡ. ನಾನು ಹೊರಡ್ತೀನಿ.”

“ಕೋಪ ಇರ್ಲಿ... ನೀವೂ ಇರಿ.”

ಅವನ ಕಣ್ಣು ಒದ್ದೆಯಾಯಿತು. “ಎಷ್ಟು ದಿನ?”

“ಲೆಕ್ಕ ಕೇಳ್ಬೇಡಿ. ಪ್ರೀತಿಸ್ತಿದೀನಿ ಅಂತ ಬಾಯಿಬಿಟ್ಟೇ ಹೇಳ್ಬೇಕಾ?”

“ಹೇಳೇಬಿಡು ಪುಟ್ಟಿ, ನನಗೆ ಕೇಳ್ಸೋ ಹಾಗೆ!” ಒಳಗಿನಿಂದ ಅಪ್ಪ ಕೂಗಿದರು.

ಸುಟ್ಟುಹೋದ ಆ ಮಾದರಿಯ ಇನ್ನೂ ಹನ್ನೊಂದು ಯಂತ್ರಗಳು ಆ ಅಂಗಡಿಯಿಂದ ಹೊರಬಿದ್ದಿವೆ. ಕೊಂಡವರನ್ನು ಎಚ್ಚರಿಸಲು ಅವರಿಬ್ಬರೂ ಈಗ ಮನೆಮನೆಯ ಬಾಗಿಲು ತಟ್ಟುತ್ತಿದ್ದಾರೆ. ಮೂರು ಮನೆಗಳು ಇನ್ನೂ ಸಿಕ್ಕಿಲ್ಲ.

ಓದುಗರೇ, ಇದನ್ನು ಬದಿಗಿಟ್ಟು ಏಳಿ. ನಿಮ್ಮ ಮನೆಯ ಆಂಪ್ಲಿಫೈಯರ್ ಮೇಲೆ ಅಂಗೈ ಇಟ್ಟು ನೋಡಿ. ಇಡಲಾಗದಷ್ಟು ಸುಡುತ್ತಿದ್ದರೆ, ದಯವಿಟ್ಟು ಈಗಲೇ ಪ್ಲಗ್ ಕಿತ್ತುಬಿಡಿ.