ಬಣ್ಣ ಹಾಕದ ಅರ್ಧ

ಗಾಜಿನ ಬಟ್ಟಲುಗಳನ್ನು ಮೂರನೇ ನೀರಿನಲ್ಲಿ ಜಾಲಿಸುತ್ತಿದ್ದಾಗ ಬಾಗಿಲಲ್ಲಿ ಬಕೆಟ್ಟಿನ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ. ಆ ಹೆಜ್ಜೆ ಯಾರದೆಂದು ಬೆನ್ನಿಗೇ ಗೊತ್ತಿತ್ತು.

"ಮೇಡಂ, ತಂದಿದೀನಿ."

ಅವಳ ಪ್ರಯೋಗಾಲಯಕ್ಕೆ ಸಮುದ್ರದ ಜೀವಿಗಳನ್ನು ತಂದುಕೊಡುವ ಮುಳುಗುಗಾರ ಆತ. ಬಕೆಟ್ಟಿನ ತುಂಬ ಸೀ ಸ್ಕ್ವರ್ಟ್‌ಗಳು: ಬಂಡೆಗೆ ಅಂಟಿಕೊಂಡು ಬದುಕುವ, ಮುಟ್ಟಿದರೆ ಪಿಚಕ್ಕನೆ ನೀರು ಚಿಮ್ಮುವ ಪುಟ್ಟ ಚೀಲಗಳು. ಆತನ ತುಟಿ ಚಳಿಗೆ ನೀಲಿಗಟ್ಟಿತ್ತು.

"ಇಷ್ಟು ನಡುಗ್ತಿದೀರಲ್ಲ! ದೋಣಿ ಕಟ್ಟೋ ದಕ್ಕೆಯ ಹಗ್ಗದಲ್ಲೇ ರಾಶಿ ಸಿಗುತ್ತಲ್ವಾ?"

"ಈಗ ಆಚೆ ಬಂಡೆಗೆ ಹೋಗ್ತೀನಿ. ಅಲ್ಲಿ ಆಳ ಜಾಸ್ತಿ. ಆದ್ರೆ ಮಾಲು ಗಟ್ಟಿ."

ಕೋಟಿನ ಜೇಬಿನಲ್ಲಿ ಒಂದು ಕಾಗದ ಅವಳನ್ನು ಚುಚ್ಚಿತು. ಊರಿನಲ್ಲಿ ಅತ್ತಿಗೆ ಅವಳಿಗೆ ಗಂಡು ನೋಡಿದ್ದರು. 'ಹೂಂ ಅಂತೀಯೋ, ಊಹೂಂ ಅಂತೀಯೋ, ಎರಡಕ್ಷರ ಬರಿ ತಾಯಿ. ಗೊದಮೊಟ್ಟೆಗಳ ಬಾಲ ಹಿಡಿದು ಕೂತರೆ ಸಂಸಾರ ಆಗುತ್ತಾ?' ಎಂದು ಬೇಸಿಗೆಯಲ್ಲೇ ಕೇಳಿದ್ದರು. ಉತ್ತರವಾಗಿ ಈ ಕಾಗದದಲ್ಲಿ 'ಬೇಡ' ಎಂದು ಅವಳು ಬರೆದಿಟ್ಟಿದ್ದಳು. ಯಾಕೆ ಬೇಡ ಎಂದು ಬರೆಯಲು ಧೈರ್ಯ ಬಂದಿರಲಿಲ್ಲ. ಈ ಮನುಷ್ಯ ಬಕೆಟ್ಟು ಬಿಟ್ಟು ಬೇರೇನನ್ನೂ ಅವಳ ಕೈಗೆ ಕೊಟ್ಟವನಲ್ಲ.

"ದಕ್ಕೆಯವು ಏನು ಪಾಪ ಮಾಡಿದ್ವು?"

ಆತ ಕತ್ತು ಕೆರೆದುಕೊಂಡು ಗೋಡೆಯ ಫೋಟೋ ತೋರಿಸಿದ. ಸೀ ಸ್ಕ್ವರ್ಟ್‌ನ ಗೊದಮೊಟ್ಟೆಯಂಥ ಮರಿ; ಎಡ ಅರ್ಧ ಹಸಿರಾಗಿ ಹೊಳೆಯುತ್ತಿತ್ತು, ಬಲ ಅರ್ಧ ಕಪ್ಪು.

"ಅರ್ಧ ಸತ್ತಿದೆಯಲ್ಲ. ನನ್ನ ಮಾಲು ಕೆಟ್ಟಿತ್ತು ಅಂದ್ಕೊಂಡೆ."

ಅವಳಿಗೆ ನಗು ಉಕ್ಕಿತು. ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. "ಬನ್ನಿ ಇಲ್ಲಿ."

ಆತನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ದೀಪ ಆರಿಸಿದಳು. ಕತ್ತಲಲ್ಲಿ ಅರ್ಧ ಮರಿ ಮಿನುಗಿತು.

"ಮೊಟ್ಟೆ ಮೊದಲು ಎರಡು ಭಾಗ ಆಗುತ್ತೆ. ಒಂದಕ್ಕೆ ಮಾತ್ರ ಹೊಳೆಯೋ ಬಣ್ಣ ಚುಚ್ತೀನಿ. ಆ ಭಾಗದಿಂದ ಏನೇನು ಹುಟ್ಟಿತು ಅಂತ ಮಾರನೇ ದಿನ ಹುಡುಕ್ತೀನಿ. ಬಾಲದ ಸ್ನಾಯು, ಬೆನ್ನಿನ ದಂಡ, ಮಿದುಳು, ಎಲ್ಲದರಲ್ಲೂ ಒಂದು ಪಕ್ಕ."

"ಇನ್ನೊಂದು ಪಕ್ಕ?"

ಅವಳು ದೀಪ ಹಾಕಿದಳು. ಈಗ ಇಡೀ ಮರಿ ಕಂಡಿತು, ಎರಡೂ ಪಕ್ಕ ಸೇರಿ ಬಾಲ ಬಡಿಯುತ್ತಿತ್ತು.

"ಅದೂ ಬೆಳೆದಿದೆ. ಬಣ್ಣ ಹಾಕಿಲ್ಲ, ಅದಕ್ಕೆ ಕಾಣಲಿಲ್ಲ."

ಆತ ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ.

"ಮೊದಲೇ ಕೇಳೋದಲ್ವಾ? ಸುಮ್ಮನೆ ಆ ಚಳೀಲಿ..."

"ಕೇಳಿದ್ರೆ ಬೇರೆ ಕಡೆಯಿಂದ ತರಿಸ್ಕೊಳ್ತೀರೇನೋ ಅಂತ ಭಯ."

"ಪ್ರಾಣಿಗಳನ್ನಾ?"

"ತರೋನನ್ನ."

ಅವಳ ಕಿವಿ ಬಿಸಿಯಾಯಿತು. ಆತ ಈಗಲೂ ಮರಿಯನ್ನೇ ನೋಡುತ್ತಿದ್ದ. ಅದಕ್ಕೇ ಹೇಳಲು ಸಾಧ್ಯವಾಯಿತೇನೋ.

"ನನ್ನ ಕಡೆಯ ಅರ್ಧಾನೂ ಬೆಳೆದಿದೆ ಮೇಡಂ. ನೀವು ನೋಡಿಲ್ಲ, ಅಷ್ಟೇ."

"ಮೇಡಂ ಅಂತ ಕರೆದ್ರೆ ಹೇಗ್ರೀ ಕಾಣುತ್ತೆ?"

ಆತ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ: "ಬಂಡೆಗೆ ಅಂಟಿದ ಮೇಲೆ ಈ ಬಾಲ ಏನಾಗುತ್ತೆ?"

"ಒಳಗೇ ಕರಗುತ್ತೆ. ಜಾಗ ಸಿಕ್ಕಿತಲ್ಲ, ಇನ್ನೆಲ್ಲಿಗೆ ಈಜಬೇಕು?"

ಅವಳು ಜೇಬಿನ ಕಾಗದ ಬಿಡಿಸಿದಳು. 'ಬೇಡ' ಎಂಬುದರ ಕೆಳಗೆ ಬರೆದಳು: 'ಅತ್ತಿಗೆ, ಕಾರಣ ಇಲ್ಲೇ ಪಕ್ಕದಲ್ಲಿ ಕೂತಿದೆ. ಇನ್ನೂ ಒದ್ದೆ. ಒಣಗಿಸಿ ಕರೆತರುತ್ತೇನೆ.'

ಬೀದಿಯ ಕೊನೆಯ ಅಂಚೆ ಡಬ್ಬಿಯವರೆಗೂ ಇಬ್ಬರೂ ನಡೆದರು. ಆತ ಕೈ ಚಾಚಿದಾಗ ಅವಳು ಲಕೋಟೆ ಹಿಂದಕ್ಕೆಳೆದಳು. "ಶಾಯಿ ಹರಡುತ್ತೆ!"

ತಾನೇ ಹಾಕಿದಳು. ಅದು ತಳ ಮುಟ್ಟಿದ ಸದ್ದು ಕೇಳಿದ ಮೇಲೆ, ಆ ಒದ್ದೆ ಕೈಯನ್ನು ಹಿಡಿದುಕೊಂಡಳು.