ಬಾವ್ ಮನೆಯ ಅರ್ಧ ಮೇಜುಗಳು

ಮಧ್ಯಾಹ್ನ ಊಟ ಮುಗಿಸಿ ಬಂದ ಮನೆಗಾವಲಿನ ಲಿಯೆನ್ ಅಜ್ಜಿ, ಈಗ ವಸ್ತುಸಂಗ್ರಹಾಲಯವಾಗಿರುವ ಬಾವ್ ವರ್ತಕರ ಮನೆಯ ನಡುಮನೆಗೆ ಕಾಲಿಟ್ಟಾಗ ಕನ್ನಡಿ ಮಾಯವಾಗಿತ್ತು. ಗೋಡೆಯ ಹಲಗೆಯ ಮೇಲೆ ನಡುವೆ ಗಡಿಯಾರ, ಪೂರ್ವಕ್ಕೆ ಹೂದಾನಿ— ಎರಡೂ ಇದ್ದವು. ಪಶ್ಚಿಮದ ಜಾಗ ಬರಿದು. ಮೂವತ್ತು ವರ್ಷ ಅವಳೇ ಒರೆಸಿದ ಕನ್ನಡಿ. ಸಂಜೆಯೊಳಗೆ ಸಿಗದಿದ್ದರೆ ಮನೆಯ ಕೀಲಿಕೈ ಒಪ್ಪಿಸಬೇಕೆಂದು ಸಂಗ್ರಹಾಲಯದ ಕಚೇರಿಯಿಂದ ಫೋನ್ ಬಂತು. ಅಜ್ಜಿ ಪೊಲೀಸರನ್ನು ಕರೆಸಿದಳು.

ಇನ್‌ಸ್ಪೆಕ್ಟರ್ ಕೌ ರುಯಿ ಬಂದವಳೇ ತಲೆಯೆತ್ತಿ ನಿಂತುಬಿಟ್ಟಳು. ತೊಲೆಯ ತುಂಬ ಕೆತ್ತಿದ ದೋಣಿಗಳು, ಸೇತುವೆಗಳು, ಒಂದು ಇಡೀ ಅಂಗಡಿಬೀದಿ.

"ಎಂಥಾ ಕೈಗಳಪ್ಪ ಇವು," ಎಂದಳು.

"ಕೆತ್ತೋರು ಕದಿಯಲ್ಲ ಮೇಡಂ," ಎಂದ ತೊಲೆ ರಿಪೇರಿಗೆ ಬಂದಿದ್ದ ಬಡಗಿ ಪಾನ್. ಊಟದ ಹೊತ್ತಲ್ಲಿ ಒಳಗಿದ್ದವರು ಇಬ್ಬರೇ— ಅವನು, ಮತ್ತು ಎರಡು ತಿಂಗಳ ಹಿಂದೆ ಸೇರಿದ ಟಿಕೆಟ್ ಗುಮಾಸ್ತ ಶಾವ್.

"ಈ ದುಂಡು ಮೇಜು?"

ಅಜ್ಜಿ ಈಗಷ್ಟೇ ಅತ್ತ ನೋಡಿ ಬೆಚ್ಚಿದಳು. "ಅಯ್ಯೋ, ಅದು ಎರಡು ಅರ್ಧ ತಾಯಿ. ಯಜಮಾನರು ಮನೇಲಿದ್ರೆ ಕೂಡಿಸ್ತಾರೆ. ವ್ಯಾಪಾರಕ್ಕೆ ಹೋದ್ರೆ ಬಿಡಿಸಿ ಗೋಡೆಗಿಡ್ತಾರೆ. ಕೊನೇ ಯಜಮಾನರು ಮನೆ ಬಿಟ್ಟು ಹೋಗಿ ಎಪ್ಪತ್ತು ವರ್ಷ ಆಯ್ತು. ಬೆಳಿಗ್ಗೆ ಬಿಡಿಯಾಗೇ ಇತ್ತು."

"ಪಾನ್, ಹತ್ತಿ ನಿಲ್ಲೋಕೆ ನೀನು ಕೂಡಿಸಿದ್ಯಾ?"

"ನನಗೆ ಏಣಿ ಇದೆ. ಈ ಊರಲ್ಲಿ ಹುಟ್ಟಿ, ಯಜಮಾನರಿಲ್ಲದಾಗ ಅದನ್ನ ಕೂಡಿಸಿದ್ರೆ ನಮ್ಮಪ್ಪ ಗೋರಿಯಿಂದೆದ್ದು ಬಂದು ಬಾರಿಸ್ತಾನೆ."

"ಶಾವ್?"

"ನಾನು ಬೇರೆ ಊರೋನು. ಮೇಜಿನ ವಿಚಾರ ನನಗೇನು ಗೊತ್ತು?"

ಕೌ ರುಯಿ ಮೇಜಿನ ಒಂದು ಅರ್ಧವನ್ನು ಎಳೆದಳು. ಬಿಟ್ಟುಕೊಳ್ಳಲಿಲ್ಲ. ಬಗ್ಗಿ ಅಡಿಯಲ್ಲಿ ತಡಕಿದಳು— ಕೆತ್ತಿದ ಎಲೆಯ ಹಿಂದೆ ಪುಟ್ಟ ಹಿತ್ತಾಳೆ ಅಗುಳಿ.

"ಅಜ್ಜಿ, ಇದು ಗೊತ್ತಿತ್ತಾ?"

"ಇಲ್ವಲ್ಲಮ್ಮ. ದಿನಾ ಒರೆಸ್ತೀನಿ..."

"ಪಾನ್?"

ಅವನೂ ಇಲ್ಲವೆಂದು ತಲೆಯಾಡಿಸಿದ.

"ಮೂವತ್ತು ವರ್ಷ ಒರೆಸಿದೋರಿಗೇ ಕಾಣದ್ದು. ಮನೆಯವರು ಹೇಳಿಕೊಟ್ಟವರಿಗೆ ಮಾತ್ರ ಗೊತ್ತಿರುತ್ತೆ. ಬರೀ ಕಳ್ಳನಿಗೆ ಮೇಜು ಕೂಡಿಸೋ ಪುರುಸೊತ್ತೆಲ್ಲಿ? ಮನೆಗೆ ವಾಪಸ್ ಬಂದೋನು ಕೂಡಿಸ್ತಾನೆ. ಕೊನೇ ಯಜಮಾನರಿಗೆ ನೀವೇನಾಗಬೇಕು, ಶಾವ್?"

ಶಾವ್ ತಲೆ ತಗ್ಗಿಸಿದ. "ಮಗಳ ಮಗ. ಅಮ್ಮ ಚಿಕ್ಕೋಳಿದ್ದಾಗ ಆ ಕನ್ನಡೀಲಿ ನೋಡ್ಕೊಂಡೇ ಜಡೆ ಹಾಕ್ಕೋತಿದ್ಲಂತೆ. ಈಗ ಹಾಸಿಗೆ ಹಿಡಿದಿದ್ದಾಳೆ. ಒಂದ್ಸಲ ತೋರಿಸಿ ತಂದಿಡೋಣ ಅಂತ... ಕನ್ನಡಿ ನಾನು ಟಿಕೆಟ್ ಕೊಡೋ ಮೇಜಿನ ಕೆಳಗಿದೆ. ಈ ಅರ್ಧ ಮೇಜುಗಳನ್ನ ನೋಡಿದಾಗ ಮಾತ್ರ ಕೈ ತಡೀಲಿಲ್ಲ."

"ಕನ್ನಡಿ ಹೊಸ್ತಿಲು ದಾಟಿಲ್ಲ," ಎಂದು ಕೌ ರುಯಿ ಪುಸ್ತಕ ಮುಚ್ಚಿದಳು. "ಕೀಲಿಕೈ ನಿಮ್ಮ ಹತ್ರಾನೇ ಇರ್ಲಿ ಅಜ್ಜಿ."

ಅಜ್ಜಿ ಕನ್ನಡಿಯನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿ ಪಶ್ಚಿಮಕ್ಕಿಟ್ಟಳು. "ಬಾಯಿಬಿಟ್ಟು ಕೇಳಬಾರದಿತ್ತೇನೋ? ನನ್ನ ಜೀವಾನೇ ಹೋಗಿತ್ತು. ನಾಳೆ ಅಮ್ಮನ್ನೇ ಕುರ್ಚೀಲಿ ಕೂರಿಸಿ ಕರ್ಕೊಂಡು ಬಾ."

ಪಾನ್ ಅಗುಳಿ ತೆಗೆಯಲು ಬಗ್ಗಿದ. ಅಜ್ಜಿ ಅವನ ಕೈ ಸರಿಸಿದಳು.

"ಇರ್ಲಿ ಬಿಡು. ಮನೆಯವರು ಮನೇಲಿದ್ದಾರೆ."