ಅಕ್ಟೋಬರ್ ತಿಂಗಳ ಟ್ರಾಲಿ ಫೋಟೊ

ನಮ್ಮ ಸ್ಕ್ರ್ಯಾಂಟನ್ ಊರಿನಲ್ಲಿ ಹಳಿಯ ಮೇಲಿನ ಟ್ರಾಲಿ ಬಂಡಿಗಳು ನಿಂತುಹೋದ ಮರುವರ್ಷ, ಅವುಗಳ ಹಳೆಯ ಫೋಟೊ ಕೂಡಿಹಾಕುವ ಹಾಲ್ಡೇನ್ ಎಂಬುವರು ಒಂದು ಮಧ್ಯಾಹ್ನ ಫೋಟೊಗಳ ಪೆಟ್ಟಿಗೆ ಹಿಡಿದು ನನ್ನ ಅಡುಗೆಮನೆಗೆ ಬಂದರು. ನನ್ನ ಗಂಡ ಆರಿನ್ ಇಪ್ಪತ್ತು ವರ್ಷ ಟ್ರಾಲಿ ಓಡಿಸಿದವನು. ಸಾವಿರದ ಒಂಬೈನೂರ ಮೂವತ್ತೆಂಟರ ಮಾರ್ಚಿನಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡಿದ್ದ.

"ಇವರೆಲ್ಲ ಯಾರು ಅಂತ ಸ್ವಲ್ಪ ಗುರುತು ಹೇಳ್ತೀರಾ, ಥೆಲ್ಮಾ ಅವ್ರೇ?"

ಒಂದೊಂದೇ ನೋಡಿ ಹೆಸರು ಹೇಳುತ್ತಾ ಹೋದೆ. ಒಂದು ಫೋಟೊ ಮಾತ್ರ ಚಳಿಗಾಲದ ಹಳಿಯಂತೆ ತಣ್ಣಗೆ ಕೊರೆಯುತ್ತಿತ್ತು. ಒಲೆಯ ಪಕ್ಕ ಇಟ್ಟರೂ ಬೆಚ್ಚಗಾಗಲಿಲ್ಲ. ಆರಿನ್ ಕೆಲಸ ಮುಗಿಸಿ ಬಂದಾಗ ಅಂಗಿಯಿಂದ ಹೊಮ್ಮುತ್ತಿದ್ದ ಸುಟ್ಟ ಬ್ರೇಕಿನ ವಾಸನೆ ಅದರಿಂದ ಬರುತ್ತಿತ್ತು. ಅದರಲ್ಲಿ ಟ್ರಾಲಿಯ ಮೆಟ್ಟಿಲ ಬಳಿ ಅವನೇ ನಿಂತಿದ್ದ.

"ಇವರು ನಮ್ಮನೆಯವ್ರು," ಅಂದೆ.

ಹಾಲ್ಡೇನ್ ಹಿಂಬದಿ ತಿರುಗಿಸಿದರು. "ಮೂವತ್ತೆಂಟರ ಅಕ್ಟೋಬರ್ ಅಂತಿದೆ. ಅವ್ರು ತೀರ್ಕೊಂಡಿದ್ದು ಅದೇ ವರ್ಷ ಮಾರ್ಚಲ್ಲಿ ಅಲ್ವಾ? ಬರೆದೋನು ವರ್ಷ ತಪ್ಪಾಗಿ ಹಾಕಿರ್ಬೇಕು ಬಿಡಿ."

"ಇರ್ಬಹುದು. ಕಾಫಿ ಆರೋಗತ್ತೆ, ಕುಡೀರಿ."

ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ.

"ಅವ್ರ ತೋಳು ಹಿಡ್ಕೊಂಡಿರೋರು ನೀವೇ ಅಲ್ವಾ?"

ನಾನೇ. ಅದರಲ್ಲಿ ನಾನು ತೊಟ್ಟಿದ್ದ ಕಪ್ಪು ಕೋಟನ್ನು ಕೊಂಡದ್ದು ಆರಿನ್‌ನನ್ನು ಮಣ್ಣು ಮಾಡುವ ಹಿಂದಿನ ದಿನ.